ಪಾಲ್ ಎರ್ಲಿಖ್: ಬಣ್ಣ ಹಾಕಿ ರೋಗ ಹಿಡಿದವರು

ಮಾರ್ಚ್ 24 ವಿಶ್ವ ಕ್ಷಯರೋಗ ದಿನ. 1882ರಲ್ಲಿ ಅದೇ ದಿನ ಬರ್ಲಿನ್ನಿನ ಒಂದು ಸಣ್ಣ ಸಭಾಂಗಣದಲ್ಲಿ ರಾಬರ್ಟ್ ಕಾಕ್ ಎಂಬ ವೈದ್ಯರು ಕ್ಷಯಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ತಾವು ಕಂಡುಹಿಡಿದಿರುವುದಾಗಿ ತಿಳಿಸಿದರು. ಪ್ರತಿ ವರ್ಷ ಭಾಷಣಗಳಲ್ಲಿ ಅವರ ಹೆಸರನ್ನು ನಾವು ಕೇಳುತ್ತೇವೆ. ಆದರೆ ಆ ಸಭೆಯಲ್ಲಿ ಕೇಳುಗರ ಸಾಲಿನಲ್ಲಿ ಕುಳಿತಿದ್ದ ಒಬ್ಬ ಯುವ ವೈದ್ಯರ ಬಗ್ಗೆ ಹೇಳುವವರು ಕಡಿಮೆ. ಅವರಿಗೆ 28 ತುಂಬಿ ಆಗ ಹತ್ತೇ ದಿನಗಳಾಗಿದ್ದವು. ಅವರೇ ಪಾಲ್ ಎರ್ಲಿಖ್.

ನಾನು ಕಾಮರ್ಸ್ ವಿದ್ಯಾರ್ಥಿ. ವಿಜ್ಞಾನಿಯೊಬ್ಬರ ಜೀವನ ಬರೆಯಲು ನನಗೇನು ಅರ್ಹತೆ ಎಂದು ವಿಜ್ಞಾನ ವಿಭಾಗದ ಗೆಳೆಯರು ಕೇಳಬಹುದು. ಎರ್ಲಿಖ್ ಅವರ ಬದುಕನ್ನು ಓದುತ್ತಾ ಹೋದಂತೆ ನನಗೆ ಕಂಡದ್ದು ಅಳತೆ, ತೂಕ, ಲೆಕ್ಕ, ತಾಳೆ. ಇವೆಲ್ಲ ನಮ್ಮ ವಿಭಾಗದ ವಿಷಯಗಳೇ. ಇನ್ನೊಂದು ಕಾರಣ ನಮ್ಮ ಮನೆಯದು, ಅದನ್ನು ಮುಂದೆ ಹೇಳುತ್ತೇನೆ.

ಎರ್ಲಿಖ್ ಹುಟ್ಟಿದ್ದು 1854ರ ಮಾರ್ಚ್ 14ರಂದು, ಆಗಿನ ಜರ್ಮನಿಯ ಸೈಲೀಷಿಯಾ ಪ್ರಾಂತ್ಯದ ಸ್ಟ್ರೇಲೆನ್ ಎಂಬ ಊರಿನಲ್ಲಿ. ಆ ಊರು ಈಗ ಪೋಲೆಂಡಿಗೆ ಸೇರಿದೆ. ಅವರದು ಯಹೂದಿ ಕುಟುಂಬ. ತಂದೆ ಇಸ್ಮಾರ್ ವ್ಯಾಪಾರಸ್ಥರು. ಮದ್ಯ ತಯಾರಿಕೆ ಮತ್ತು ಸರ್ಕಾರಿ ಲಾಟರಿಯ ವಸೂಲಿ ಅವರ ಕೆಲಸವಾಗಿತ್ತು. ತಾಯಿ ರೋಸಾ. ತಾಯಿಯ ಕಡೆಯ ಬಂಧು ಕಾರ್ಲ್ ವೈಗರ್ಟ್ ರೋಗಶಾಸ್ತ್ರದ ತಜ್ಞರು. ಹುಡುಗನಿಗೆ ಸೂಕ್ಷ್ಮದರ್ಶಕದ ರುಚಿ ಹಿಡಿಸಿದವರು ಅವರೇ.

ಶಾಲೆಯಲ್ಲಿ ಎರ್ಲಿಖ್ ಅವರಿಗೆ ಲ್ಯಾಟಿನ್ ಮತ್ತು ಗಣಿತ ಇಷ್ಟ, ಪರೀಕ್ಷೆ ಎಂದರೆ ಆಗದು. ಜೀವನವು ಒಂದು ಕನಸು ಎಂಬ ವಿಷಯದ ಮೇಲೆ ಪ್ರಬಂಧ ಬರೆಯಲು ಹೇಳಿದಾಗ, ಜೀವನವೆಂದರೆ ದೇಹದಲ್ಲಿ ನಡೆಯುವ ಉತ್ಕರ್ಷಣ ಕ್ರಿಯೆ, ಕನಸು ಮೆದುಳಿನ ಅಂಥದೇ ಒಂದು ಕೆಲಸ ಎಂದು ಬರೆದು ಅಂಕ ಕಳೆದುಕೊಂಡರು ಎಂಬ ಕಥೆಯಿದೆ. ಕಥೆ ಎಷ್ಟು ನಿಜವೋ, ಆದರೆ ಹುಡುಗನ ಸ್ವಭಾವ ಅದರಲ್ಲಿ ಸರಿಯಾಗಿಯೇ ಇದೆ.

ಆ ಕಾಲದಲ್ಲಿ ಜರ್ಮನಿಯ ದೊಡ್ಡ ಉದ್ಯಮವೆಂದರೆ ಬಣ್ಣ. ಕಲ್ಲಿದ್ದಲ ಡಾಂಬರಿನಿಂದ ಬಟ್ಟೆಗೆ ಹಾಕುವ ಬಣ್ಣಗಳನ್ನು ತಯಾರಿಸುವ ಕಾರ್ಖಾನೆಗಳು ಒಂದರ ಹಿಂದೊಂದು ಏಳುತ್ತಿದ್ದವು. ಅದಕ್ಕೂ ಮೊದಲು ನೀಲಿಗೆ ಲೋಕವೆಲ್ಲ ನಮ್ಮ ದೇಶದ ನೀಲಿ ಗಿಡದ ಕಡೆ ನೋಡುತ್ತಿತ್ತು. ಇಂಥ ಕಾರ್ಖಾನೆಗಳೇ ಮುಂದೆ ನೀಲಿ ಬೆಳೆಯ ವ್ಯಾಪಾರವನ್ನು ಮುಳುಗಿಸಿದವು. ವೈದ್ಯಕೀಯ ಓದುತ್ತಿದ್ದ ಎರ್ಲಿಖ್ ಈ ಬಟ್ಟೆಯ ಬಣ್ಣಗಳನ್ನು ತಂದು ದೇಹದ ತುಣುಕುಗಳ ಮೇಲೆ ಹಾಕಿ ನೋಡತೊಡಗಿದರು. ಸ್ಟ್ರಾಸ್‌ಬರ್ಗ್‌ನಲ್ಲಿ ಓದುವಾಗ ಅವರ ಮೇಜಿನ ಮೇಲೆ ಎಲ್ಲ ಬಣ್ಣಗಳ ಕಲೆಗಳೂ ಇದ್ದವಂತೆ. ಒಂದೊಂದು ಬಣ್ಣ ಒಂದೊಂದು ಬಗೆಯ ಜೀವಕೋಶವನ್ನು ಮಾತ್ರ ಹಿಡಿಯುತ್ತದೆ, ಉಳಿದದ್ದನ್ನು ಬಿಡುತ್ತದೆ. ಯಾಕೆ? ಈ ಒಂದು ಪ್ರಶ್ನೆಯೇ ಅವರ ಇಡೀ ಜೀವನವನ್ನು ನಡೆಸಿತು.

1878ರಲ್ಲಿ ಲೈಪ್ಜಿಗ್ ವಿಶ್ವವಿದ್ಯಾಲಯದಿಂದ ಡಾಕ್ಟರ್ ಪದವಿ ಪಡೆದು ಅವರು ಬರ್ಲಿನ್ನಿನ ಶಾರಿಟೆ ಆಸ್ಪತ್ರೆ ಸೇರಿದರು. ಅಲ್ಲಿನ ಹಿರಿಯರಾದ ಫ್ರೆರಿಕ್ಸ್ ಅವರಿಗೆ ಪ್ರಯೋಗಕ್ಕೆ ಬೇಕಾದಷ್ಟು ಸ್ವಾತಂತ್ರ್ಯ ಕೊಟ್ಟರು. ರಕ್ತದ ಬಿಳಿ ಕಣಗಳನ್ನು ಬಣ್ಣ ಹಾಕಿ ಬೇರೆಬೇರೆ ಗುಂಪುಗಳಾಗಿ ವಿಂಗಡಿಸಿದ್ದು ಅಲ್ಲಿಯೇ. ಇಂದು ಜ್ವರ ಬಂದು ರಕ್ತ ಪರೀಕ್ಷೆ ಮಾಡಿಸಿದರೆ ವರದಿಯಲ್ಲಿ ನ್ಯೂಟ್ರೋಫಿಲ್, ಇಯೋಸಿನೋಫಿಲ್, ಬೇಸೋಫಿಲ್ ಎಂಬ ಸಾಲುಗಳಿರುತ್ತವೆ. ಆ ಲೆಡ್ಜರಿನ ಖಾತೆಗಳನ್ನು ಮೊದಲು ತೆರೆದವರು ಎರ್ಲಿಖ್ ಎಂದು ನಾನು ಅಂದುಕೊಳ್ಳುತ್ತೇನೆ.

ಈಗ ಮಾರ್ಚ್ 24ರ ಸಭೆಗೆ ಬರೋಣ. ಕ್ಷಯದ ಬ್ಯಾಕ್ಟೀರಿಯಾ ಅಷ್ಟು ಕಾಲ ಕಣ್ಣಿಗೆ ಬೀಳದಿರಲು ಅದರ ಮೈಮೇಲಿನ ಮೇಣದಂಥ ಪದರವೇ ಕಾರಣ. ಸಾಮಾನ್ಯ ಬಣ್ಣ ಅದರೊಳಗೆ ಇಳಿಯುವುದಿಲ್ಲ. ಕಾಕ್ ಅವರು ಬಣ್ಣದಲ್ಲಿ ಇಡೀ ಒಂದು ದಿನ ನೆನೆಸಿಟ್ಟು ಅದನ್ನು ಕಂಡಿದ್ದರು. ಎರ್ಲಿಖ್ ಸಭೆಯಿಂದ ನೇರವಾಗಿ ಪ್ರಯೋಗಾಲಯಕ್ಕೆ ಹೋಗಿ ಕೆಲಸಕ್ಕೆ ಕುಳಿತರು. ಅನಿಲಿನ್ ಬೆರೆಸಿದ ಬಣ್ಣ ಹಾಕಿ, ಆಮೇಲೆ ಕಟುವಾದ ನೈಟ್ರಿಕ್ ಆಮ್ಲದಿಂದ ತೊಳೆದರು. ಬೇರೆಲ್ಲದರ ಬಣ್ಣ ಹೋಯಿತು, ಕ್ಷಯದ ಬ್ಯಾಕ್ಟೀರಿಯಾದ ಬಣ್ಣ ಹೋಗಲಿಲ್ಲ. ಬಣ್ಣ ಒಳಗೆ ಹೋಗಲು ಬಿಡದ ಆ ಪದರವೇ ಒಮ್ಮೆ ಒಳಗೆ ಹೋದ ಬಣ್ಣ ಹೊರಬರಲೂ ಬಿಡುವುದಿಲ್ಲ. ಗಾಜಿನ ಪಟ್ಟಿಗಳನ್ನು ಆರಲೆಂದು ರಾತ್ರಿ ಒಲೆಯ ಮೇಲೆ ಇಟ್ಟುಹೋಗಿದ್ದರು, ಬೆಳಿಗ್ಗೆ ಯಾರೋ ಗಮನಿಸದೆ ಒಲೆ ಹಚ್ಚಿದರು, ಆ ಬಿಸಿಯಿಂದ ಬಣ್ಣ ಇನ್ನೂ ಚೆನ್ನಾಗಿ ಹಿಡಿಯಿತು ಎಂದೂ ಹೇಳುತ್ತಾರೆ. ಮೇ 1ರಂದು ಅವರು ತಮ್ಮ ವಿಧಾನವನ್ನು ಪ್ರಕಟಿಸಿದರು. ಒಂದು ದಿನ ಹಿಡಿಯುತ್ತಿದ್ದ ಕೆಲಸ ಒಂದು ಗಂಟೆಯೊಳಗೆ ಮುಗಿಯುವಂತಾಯಿತು. ಕಾಕ್ ಅವರು ಹೊಟ್ಟೆಕಿಚ್ಚುಪಡದೆ ಅದನ್ನು ಒಪ್ಪಿ ತಾವೂ ಬಳಸಿದರು. ಮುಂದೆ ಝೀಲ್ ಮತ್ತು ನೀಲ್ಸನ್ ಎಂಬ ಇಬ್ಬರು ಅದರಲ್ಲಿ ಸ್ವಲ್ಪ ಬದಲಾವಣೆ ಮಾಡಿದರು, ಹೆಸರು ಅವರದೇ ಉಳಿಯಿತು. ಇಂದಿಗೂ ಕಫ ಪರೀಕ್ಷೆಯಲ್ಲಿ ಕಾಣುವ ಆ ಕೆಂಪು ಕಡ್ಡಿಗಳ ಹಿಂದೆ ಎರ್ಲಿಖ್ ಅವರ ಆಮ್ಲವಿದೆ.

ಅದೇ 1882ರಲ್ಲಿ ಅವರು ಇನ್ನೊಂದು ಪರೀಕ್ಷೆಯನ್ನೂ ಹೊರತಂದರು. ಅದು ಮೂತ್ರದ ಪರೀಕ್ಷೆ. ನಮ್ಮ ಯುನಾನಿ ಹಕೀಮರಿಗೆ ಮೂತ್ರ ನೋಡಿ ರೋಗ ಹೇಳುವುದು ಹೊಸದಲ್ಲ. ಅದಕ್ಕೆ ಖಾರೂರಾ ನೋಡುವುದು ಎನ್ನುತ್ತಾರೆ. ಇಬ್ನ್ ಸೀನಾ ತಮ್ಮ ಕಾನೂನ್ ಗ್ರಂಥದಲ್ಲಿ ಮೂತ್ರದ ಬಣ್ಣ, ವಾಸನೆ, ತಳದಲ್ಲಿ ನಿಲ್ಲುವ ಗಸಿಯ ಬಗ್ಗೆ ವಿವರವಾಗಿ ಬರೆದಿದ್ದಾರೆ. ಇಬ್ಬರಿಗೆ ಮನಸ್ಸು ಚೆನ್ನಾಗಿ ಹೊಂದಿಕೊಂಡರೆ ಅವರ ಖಾರೂರಾ ಕೂಡಿದೆ ಎಂದು ಉರ್ದುವಿನಲ್ಲಿ ತಮಾಷೆ ಮಾಡುವುದೂ ಉಂಟು. ಆದರೆ ಹಕೀಮರು ಕಣ್ಣಿನಿಂದ ನೋಡುತ್ತಿದ್ದರು, ಎರ್ಲಿಖ್ ರಾಸಾಯನಿಕ ಬೆರೆಸಿದರು. ಬಣ್ಣದ ಕಾರ್ಖಾನೆಗಳಲ್ಲಿ ಬಳಸುವ ಡಯಾಜೋ ಎಂಬ ಕ್ರಿಯೆಯನ್ನೇ ತಂದು, ರೋಗಿಯ ಮೂತ್ರಕ್ಕೆ ಆ ದ್ರಾವಣ ಮತ್ತು ಅಮೋನಿಯಾ ಹಾಕಿದರು. ಟೈಫಾಯ್ಡ್ ರೋಗಿಗಳ ಮೂತ್ರ ಕೆಂಪಾಯಿತು, ಅದರ ನೊರೆಯೂ ಕೆಂಪಾಯಿತು.

ಕೆಲವೇ ನಿಮಿಷಗಳಲ್ಲಿ ಉತ್ತರ ಕೊಡುವ ಪರೀಕ್ಷೆ. ಆಸ್ಪತ್ರೆಗಳು ಸಂತೋಷದಿಂದ ಬಳಸಿದವು. ಆದರೆ ಬೇಗನೆ ಒಂದು ತೊಡಕು ಕಾಣಿಸಿತು. ದಡಾರ ಬಂದವರ ಮೂತ್ರವೂ ಕೆಂಪಾಗುತ್ತಿತ್ತು. ಕ್ಷಯ ಬಹಳ ಮುಂದುವರಿದವರ ಮೂತ್ರವೂ ಕೆಂಪಾಗುತ್ತಿತ್ತು. ಹಾಗಾದರೆ ಕೆಂಪು ಬಣ್ಣದ ಅರ್ಥ ಟೈಫಾಯ್ಡೋ, ಕ್ಷಯವೋ? ಕ್ಷಯ ಎಂದು ಮೊದಲೇ ಗೊತ್ತಿರುವ ರೋಗಿಯಲ್ಲಿ ಕೆಂಪು ಬಂದರೆ ಕಾಯಿಲೆ ಕೆಟ್ಟ ಹಂತಕ್ಕೆ ಹೋಗಿದೆ ಎಂದು ವೈದ್ಯರು ಓದತೊಡಗಿದರು. ಪರೀಕ್ಷೆ ಸುಳ್ಳು ಹೇಳುತ್ತಿರಲಿಲ್ಲ, ಆದರೆ ನಾವು ಕೇಳಿದ ಪ್ರಶ್ನೆಗೆ ಅದು ಉತ್ತರ ಕೊಡುತ್ತಿರಲಿಲ್ಲ. 1896ರಲ್ಲಿ ಟೈಫಾಯ್ಡ್‌ಗೆ ವಿಡಾಲ್ ಪರೀಕ್ಷೆ ಬಂದ ಮೇಲೆ ಡಯಾಜೋ ಪರೀಕ್ಷೆ ನಿಧಾನವಾಗಿ ಹಿಂದೆ ಸರಿಯಿತು.

ನಮ್ಮ ಮನೆಯ ಕಾರಣವನ್ನು ಇಲ್ಲಿ ಹೇಳಬೇಕು. ನನ್ನ ಖಾಲಾ ಒಬ್ಬರಿಗೆ ಮೂತ್ರ ಮಾಡುವಾಗ ಉರಿ, ರಾತ್ರಿ ಹತ್ತಾರು ಸಲ ಏಳುವುದು, ಕೆಲವೊಮ್ಮೆ ರಕ್ತ. ನಾಚಿಕೆಯಿಂದ ಅವರು ತಿಂಗಳುಗಟ್ಟಲೆ ಯಾರಿಗೂ ಹೇಳಲಿಲ್ಲ, ಕೊನೆಗೆ ನನ್ನ ಅಮ್ಮಿಗೆ ಮಾತ್ರ ಹೇಳಿದರು. ಹೋದ ಕಡೆಯಲ್ಲೆಲ್ಲ ಮೂತ್ರದ ಸೋಂಕು ಎಂದು ಆಂಟಿಬಯೋಟಿಕ್ ಕೊಟ್ಟರು. ಎರಡು ವಾರ ಕಡಿಮೆಯಾಗುವುದು, ಮತ್ತೆ ಬರುವುದು. ಮೂತ್ರದ ವರದಿಯಲ್ಲಿ ಕೀವಿನ ಕಣಗಳು ತುಂಬಾ ಇವೆ, ಆದರೆ ಕಲ್ಚರ್‌ನಲ್ಲಿ ಯಾವ ಬ್ಯಾಕ್ಟೀರಿಯಾವೂ ಬೆಳೆದಿಲ್ಲ ಎಂದು ಬರುತ್ತಿತ್ತು. ಏನೂ ಬೆಳೆದಿಲ್ಲ ಎಂದರೆ ಏನೂ ಇಲ್ಲ ಎಂದು ನಾವು ಸಮಾಧಾನಪಟ್ಟೆವು. ಸುಮಾರು ಒಂದು ವರ್ಷದ ನಂತರ ಒಬ್ಬ ಹಿರಿಯ ವೈದ್ಯರು ಮೂರು ದಿನ ಬೆಳಗಿನ ಮೊದಲ ಮೂತ್ರ ತರಿಸಿ ಕ್ಷಯದ ಪರೀಕ್ಷೆ ಮಾಡಿಸಿದಾಗ ಮೂತ್ರಪಿಂಡದ ಕ್ಷಯ ಎಂದು ಗೊತ್ತಾಯಿತು. ಸರ್ಕಾರಿ ಮಾತ್ರೆಗಳಿಂದ ಖಾಲಾ ಗುಣವಾದರು, ಆದರೆ ಅಷ್ಟರಲ್ಲಿ ಒಂದು ಮೂತ್ರಪಿಂಡ ಕುಗ್ಗಿಹೋಗಿತ್ತು. ಅಂದಿನಿಂದ ಪರೀಕ್ಷೆಯ ವರದಿಯನ್ನು ನಂಬುವುದು ಎಂದರೇನು ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಕ್ಷಯ ಎಂದರೆ ಕೆಮ್ಮು ಎಂದೇ ನಾವು ತಿಳಿದಿದ್ದೇವೆ. ಆದರೆ ಶ್ವಾಸಕೋಶಕ್ಕೆ ಬಂದ ಬ್ಯಾಕ್ಟೀರಿಯಾ ರಕ್ತದ ಮೂಲಕ ಮೂತ್ರಪಿಂಡಕ್ಕೆ ಹೋಗಿ ಅಲ್ಲಿ ವರ್ಷಗಟ್ಟಲೆ ಸುಮ್ಮನೆ ಇರಬಲ್ಲದು. ಎಚ್ಚರಗೊಂಡಾಗ ಮೂತ್ರನಾಳ, ಮೂತ್ರಕೋಶಗಳಿಗೂ ಇಳಿಯುತ್ತದೆ. ಗಂಡಸರಲ್ಲಿ ವೃಷಣದ ಪಕ್ಕದ ನಾಳಗಳಿಗೆ, ಹೆಂಗಸರಲ್ಲಿ ರಕ್ತದ ದಾರಿಯಿಂದ ಗರ್ಭನಾಳಗಳಿಗೆ ತಗುಲಿ ಮಕ್ಕಳಾಗದಂತೆ ಮಾಡುವುದೂ ಉಂಟು. ಸಾಮಾನ್ಯ ಕಲ್ಚರ್‌ನಲ್ಲಿ ಎರಡು ಮೂರು ದಿನ ಕಾಯುತ್ತಾರೆ. ಕ್ಷಯದ ಬ್ಯಾಕ್ಟೀರಿಯಾ ಬೆಳೆಯಲು ವಾರಗಳು ಬೇಕು, ಬೇರೆಯದೇ ಆಹಾರ ಬೇಕು. ಆದ್ದರಿಂದ ಅದು ಆ ವರದಿಯಲ್ಲಿ ಕಾಣುವುದೇ ಇಲ್ಲ.

ಎರ್ಲಿಖ್ ಅವರ ಬಣ್ಣದ ವಿಧಾನ ಬಂದ ಕೆಲವೇ ಸಮಯದಲ್ಲಿ ರುಮೇನಿಯಾದ ವಿಕ್ಟರ್ ಬಾಬೆಶ್ ರೋಗಿಗಳ ಮೂತ್ರದಲ್ಲಿಯೂ ಕ್ಷಯದ ಬ್ಯಾಕ್ಟೀರಿಯಾ ತೋರಿಸಿದ್ದರು. ಹಾಗಾದರೆ ಮೂತ್ರಕ್ಕೆ ಬಣ್ಣ ಹಾಕಿ ನೋಡಿದರೆ ಸಾಲದೇ? ಸಾಲದು. ಮೊದಲನೆಯದಾಗಿ, ಸೂಕ್ಷ್ಮದರ್ಶಕದಲ್ಲಿ ಕಾಣಬೇಕಾದರೆ ಒಂದು ಮಿಲಿಲೀಟರಿನಲ್ಲಿ ಸಾವಿರಾರು ಬ್ಯಾಕ್ಟೀರಿಯಾ ಇರಬೇಕು, ಮೂತ್ರದಲ್ಲಿ ಅಷ್ಟು ಇರುವುದು ಅಪರೂಪ. ಎರಡನೆಯದಾಗಿ, ಮನುಷ್ಯನ ಗುಪ್ತಾಂಗದ ಚರ್ಮದ ಮೇಲೆ ನಿರುಪದ್ರವಿಯಾದ ಕೆಲವು ಬ್ಯಾಕ್ಟೀರಿಯಾಗಳು ವಾಸವಾಗಿರುತ್ತವೆ. ಅವುಗಳಿಗೂ ಮೇಣದಂಥ ಪದರವಿದ್ದು, ಆಮ್ಲದಲ್ಲಿ ತೊಳೆದರೂ ಬಣ್ಣ ಬಿಡುವುದಿಲ್ಲ. ಅವು ಮೂತ್ರಕ್ಕೆ ಬಿದ್ದರೆ ರೋಗವಿಲ್ಲದವರಿಗೂ ರೋಗವಿದೆ ಎಂದು ಬರೆದುಬಿಡಬಹುದು. ಇದನ್ನು ಎರ್ಲಿಖ್ ಅವರ ಕಾಲದಲ್ಲಿಯೇ ಕಂಡುಕೊಂಡಿದ್ದರು. ಅಂದರೆ ಒಂದೇ ಪರೀಕ್ಷೆ ಇದ್ದದ್ದನ್ನು ಬಿಟ್ಟುಬಿಡಬಲ್ಲದು, ಇಲ್ಲದ್ದನ್ನು ಹಿಡಿಯಬಲ್ಲದು.

ಮತ್ತೆ ಅವರ ಜೀವನಕ್ಕೆ ಬರೋಣ. 1883ರಲ್ಲಿ ಹೆಡ್ವಿಗ್ ಪಿಂಕುಸ್ ಅವರೊಂದಿಗೆ ಮದುವೆಯಾಯಿತು. ಸ್ಟೆಫನಿ ಮತ್ತು ಮರಿಯಾನೆ ಎಂಬ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. 1885ರಲ್ಲಿ ಫ್ರೆರಿಕ್ಸ್ ತೀರಿಕೊಂಡ ಮೇಲೆ ಆಸ್ಪತ್ರೆಯಲ್ಲಿ ಎರ್ಲಿಖ್ ಅವರಿಗೆ ಮೊದಲಿನ ಸ್ವಾತಂತ್ರ್ಯ ಉಳಿಯಲಿಲ್ಲ. ಅದರ ಮೇಲೆ ಕೆಮ್ಮು ಶುರುವಾಯಿತು. ತಮ್ಮ ಕಫವನ್ನು ತಾವೇ ಗಾಜಿನ ಪಟ್ಟಿಯ ಮೇಲೆ ಹಚ್ಚಿ, ತಮ್ಮದೇ ವಿಧಾನದಲ್ಲಿ ಬಣ್ಣ ಹಾಕಿ ನೋಡಿದರು. ಬಣ್ಣ ಹಿಡಿದ ಕಡ್ಡಿಗಳು ಅಲ್ಲಿದ್ದವು. ಆ ಕ್ಷಣದಲ್ಲಿ ಒಬ್ಬ ಮನುಷ್ಯನಿಗೆ ಏನನ್ನಿಸಿರಬಹುದು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಆಗ ಕ್ಷಯಕ್ಕೆ ಔಷಧಿ ಇರಲಿಲ್ಲ. ಆದರೆ ರೋಗ ಯಾವುದೆಂದು ತಿಳಿಯದೆ ಒದ್ದಾಡುವ ಸ್ಥಿತಿ ಅವರಿಗೆ ಬರಲಿಲ್ಲ. ಒಣ ಹವೆ ಒಳ್ಳೆಯದೆಂದು 1888ರಲ್ಲಿ ಹೆಂಡತಿಯೊಂದಿಗೆ ಈಜಿಪ್ಟಿಗೆ ಹೋದರು. ಅಲ್ಲಿ ವಿಶ್ರಾಂತಿ ಪಡೆದು ಚೇತರಿಸಿಕೊಂಡು 1889ರಲ್ಲಿ ಬರ್ಲಿನ್ನಿಗೆ ಹಿಂತಿರುಗಿದರು.

ಬಂದಾಗ ಕೆಲಸವಿಲ್ಲ. ಒಂದು ಸಣ್ಣ ಜಾಗದಲ್ಲಿ ಸ್ವಂತ ಪ್ರಯೋಗಾಲಯ ಹಾಕಿಕೊಂಡರು. ಅಷ್ಟರಲ್ಲಿ 1890ರಲ್ಲಿ ಕಾಕ್ ಅವರು ಟ್ಯೂಬರ್‌ಕ್ಯುಲಿನ್ ಎಂಬ ಔಷಧಿಯನ್ನು ಪ್ರಕಟಿಸಿದರು. ಕ್ಷಯಕ್ಕೆ ಮದ್ದು ಸಿಕ್ಕಿತೆಂದು ಯುರೋಪಿನ ಎಲ್ಲೆಡೆಯಿಂದ ರೋಗಿಗಳು ಬರ್ಲಿನ್ನಿಗೆ ಓಡಿ ಬಂದರು. ಎರ್ಲಿಖ್ ಅವರೂ ಮೋಆಬಿಟ್ ಆಸ್ಪತ್ರೆಯಲ್ಲಿ ಅದನ್ನು ರೋಗಿಗಳಿಗೆ ಕೊಟ್ಟು ಗಮನಿಸುವ ಕೆಲಸ ಮಾಡಿದರು. ಒಂದು ವರ್ಷದೊಳಗೆ ಅದು ಗುಣಪಡಿಸುವುದಿಲ್ಲ ಎಂದು ತಿಳಿಯಿತು, ಕೆಲವರಿಗೆ ಅಪಾಯವನ್ನೂ ಮಾಡಿತು. ಆದರೆ ಅದೇ ದ್ರವವನ್ನು ಚರ್ಮಕ್ಕೆ ಚುಚ್ಚಿದರೆ ಕ್ಷಯದ ಸೋಂಕು ತಗುಲಿದವರಲ್ಲಿ ಊತ ಬರುತ್ತದೆ. ಔಷಧಿಯಾಗಿ ಸೋತದ್ದು ಪರೀಕ್ಷೆಯಾಗಿ ಉಳಿಯಿತು. ಇಂದಿನ ಮಾಂಟೂ ಪರೀಕ್ಷೆ ಅದರ ಮುಂದುವರಿಕೆಯೇ.

ಮುಂದಿನ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಅದರಲ್ಲಿ ನಮ್ಮೂರಿನ ಬೇಲಿಗಳಲ್ಲಿ ಸಿಗುವ ಗುಲಗಂಜಿ ಬರುತ್ತದೆ. ಕೆಂಪು ಮೈ, ಕಪ್ಪು ಮೂತಿಯ ಆ ಬೀಜವನ್ನು ಹಿಂದಿನ ಅಕ್ಕಸಾಲಿಗರು ಚಿನ್ನ ತೂಗಲು ಇಟ್ಟುಕೊಳ್ಳುತ್ತಿದ್ದರು. ನಾವು ಮನೆಯಲ್ಲಿ ರತ್ತಿ ಎನ್ನುವುದು ಅದನ್ನೇ. ಗುಲಗಂಜಿಯಲ್ಲಿ ಅಬ್ರಿನ್ ಎಂಬ ಭಯಂಕರ ವಿಷವಿದೆ, ಹರಳು ಬೀಜದಲ್ಲಿ ರೈಸಿನ್ ಎಂಬ ವಿಷವಿದೆ. 1891ರಲ್ಲಿ ಎರ್ಲಿಖ್ ಈ ಎರಡು ವಿಷಗಳನ್ನು ಇಲಿಗಳಿಗೆ ಅತಿ ಸಣ್ಣ ಪ್ರಮಾಣದಲ್ಲಿ ಕೊಡುತ್ತಾ, ದಿನದಿನಕ್ಕೆ ಹೆಚ್ಚಿಸುತ್ತಾ ಹೋದರು. ಕೊನೆಗೆ ಬೇರೆ ಇಲಿಗಳನ್ನು ಕೊಲ್ಲುವ ಪ್ರಮಾಣದ ಎಷ್ಟೋ ಪಟ್ಟು ಕೊಟ್ಟರೂ ಆ ಇಲಿಗಳು ಬದುಕಿದವು. ರೈಸಿನ್‌ಗೆ ಪಳಗಿದ ಇಲಿ ಅಬ್ರಿನ್‌ಗೆ ಸಾಯುತ್ತಿತ್ತು, ಅಬ್ರಿನ್‌ಗೆ ಪಳಗಿದ್ದು ರೈಸಿನ್‌ಗೆ ಸಾಯುತ್ತಿತ್ತು. ಒಂದು ಬೀಗಕ್ಕೆ ಒಂದೇ ಕೀಲಿ. ರಕ್ಷಣೆ ಎಷ್ಟಿದೆ ಎಂಬುದನ್ನು ಅಂಕಿಯಲ್ಲಿ ಹೇಳಲು ಅವರು ಇಲ್ಲಿ ಕಲಿತರು. ತಾಯಿ ಇಲಿಯ ಹಾಲಿನಿಂದ ಮರಿಗಳಿಗೂ ಆ ರಕ್ಷಣೆ ಹೋಗುತ್ತದೆ ಎಂದೂ ತೋರಿಸಿದರು. ಚಿನ್ನ ತೂಗುವ ಬೀಜದಿಂದ ಅವರು ದೇಹದ ರೋಗನಿರೋಧಕ ಶಕ್ತಿಯನ್ನು ತೂಗಿದರು.

ಈ ತೂಕದ ವಿದ್ಯೆಗೆ ತಕ್ಷಣವೇ ಕೆಲಸ ಬಿತ್ತು. ಎಮಿಲ್ ಬೇರಿಂಗ್ ಅವರು ಗಂಟಲಮಾರಿಗೆ, ಅಂದರೆ ಡಿಫ್ತೀರಿಯಾಕ್ಕೆ, ಸೀರಂ ಕಂಡುಹಿಡಿದಿದ್ದರು. ಮಕ್ಕಳು ಉಸಿರುಗಟ್ಟಿ ಸಾಯುತ್ತಿದ್ದ ಕಾಲವದು. ಆದರೆ ಸೀರಂ ಒಂದು ಬಾಟಲಿಯಲ್ಲಿ ಬಲವಾಗಿರುತ್ತಿತ್ತು, ಇನ್ನೊಂದರಲ್ಲಿ ನೀರಿನಂತಿರುತ್ತಿತ್ತು. ಎರ್ಲಿಖ್ ಅದನ್ನು ಬಲಪಡಿಸುವ ಮತ್ತು ಅಳೆಯುವ ವಿಧಾನ ಕೊಟ್ಟರು. ಅಳೆಯಲು ಒಂದು ಯೂನಿಟ್ ಬೇಕು. ವಿಷವನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ಅದು ದಿನ ಕಳೆದಂತೆ ಶಕ್ತಿ ಕಳೆದುಕೊಳ್ಳುತ್ತದೆ. ಸವೆಯುವ ತೂಕದ ಬಟ್ಟನ್ನು ಅಂಗಡಿಯಲ್ಲಿ ಇಟ್ಟುಕೊಂಡ ಹಾಗೆ. ಆದ್ದರಿಂದ ಅವರು ಒಂದು ಸೀರಂ ಅನ್ನು ಒಣಗಿಸಿ, ಗಾಳಿ ತೆಗೆದ ಗಾಜಿನ ಕೊಳವೆಗಳಲ್ಲಿ ಮುಚ್ಚಿ, ತಂಪಿನಲ್ಲಿ ಕತ್ತಲಲ್ಲಿ ಇಟ್ಟು, ಇದೇ ಮೂಲ ಅಳತೆ ಎಂದರು. ಉಳಿದ ಎಲ್ಲ ಸೀರಂಗಳನ್ನೂ ಅದರೊಂದಿಗೆ ಹೋಲಿಸಿ ಅಂಕಿ ಕೊಡಬೇಕು. 1897ರಲ್ಲಿ ಅವರು ಪ್ರಕಟಿಸಿದ ಈ ಕ್ರಮವೇ ಮುಂದೆ ಅಂತರರಾಷ್ಟ್ರೀಯ ಯೂನಿಟ್‌ಗೆ ತಳಹದಿಯಾಯಿತು. ಇಂದು ಇಂಜೆಕ್ಷನ್ ಬಾಟಲಿಗಳ ಮೇಲೆ ಯೂನಿಟ್ ಎಂದು ಬರೆದಿರುವುದನ್ನು ಓದುವಾಗ ನನಗೆ ಅವರ ನೆನಪಾಗುತ್ತದೆ.

ಈ ಕೆಲಸದಿಂದ ಅವರಿಗೆ ಹಣ ಬರಲಿಲ್ಲ. ಸರ್ಕಾರ ಸಂಶೋಧನಾ ಸಂಸ್ಥೆ ಕೊಡುತ್ತದೆ ಎಂಬ ನಂಬಿಕೆಯಲ್ಲಿ ಸೀರಂ ಲಾಭದ ಪಾಲನ್ನು ಬಿಟ್ಟುಕೊಟ್ಟರು. ಬೇರಿಂಗ್ ಶ್ರೀಮಂತರಾದರು, 1901ರಲ್ಲಿ ಮೊದಲ ವೈದ್ಯಕೀಯ ನೊಬೆಲ್ ಪಡೆದರು. ಇಬ್ಬರ ಸ್ನೇಹ ಕೆಟ್ಟಿತು. ಎರ್ಲಿಖ್ ಅವರಿಗೆ 1896ರಲ್ಲಿ ಬರ್ಲಿನ್ ಹತ್ತಿರದ ಸ್ಟೆಗ್ಲಿಟ್ಸ್‌ನಲ್ಲಿ ಒಂದು ಚಿಕ್ಕ ಸಂಸ್ಥೆ, 1899ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಸ್ವಲ್ಪ ದೊಡ್ಡದು ಸಿಕ್ಕಿತು. ಯಹೂದಿಯಾಗಿದ್ದರಿಂದ ಜರ್ಮನ್ ವಿಶ್ವವಿದ್ಯಾಲಯಗಳಲ್ಲಿ ಮೇಲಿನ ಹುದ್ದೆ ಸಿಗುವುದು ಕಷ್ಟವಿತ್ತು. ಧರ್ಮ ಬದಲಿಸಿದರೆ ದಾರಿ ಸುಲಭವಾಗುತ್ತಿತ್ತು, ಅವರು ಬದಲಿಸಲಿಲ್ಲ. ಪೂರ್ಣ ಪ್ರಾಧ್ಯಾಪಕ ಹುದ್ದೆ ಬಂದದ್ದು 1914ರಲ್ಲಿ, ಸಾಯುವ ಒಂದು ವರ್ಷ ಮೊದಲು. 1908ರಲ್ಲಿ ಮೆಚ್ನಿಕಾಫ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ಬಂದಿತ್ತು.

ಅವರ ಕೊನೆಯ ದೊಡ್ಡ ಕೆಲಸ ಔಷಧಿ. ಬಣ್ಣವು ಬ್ಯಾಕ್ಟೀರಿಯಾವನ್ನು ಮಾತ್ರ ಹಿಡಿಯುವುದಾದರೆ, ಆ ಬಣ್ಣಕ್ಕೆ ವಿಷವನ್ನು ಜೋಡಿಸಿದರೆ ರೋಗಾಣು ಮಾತ್ರ ಸಾಯಬೇಕು, ರೋಗಿ ಉಳಿಯಬೇಕು. ಇದನ್ನು ಅವರು ಮಾಯಾ ಗುಂಡು ಎಂದು ಕರೆದರು. ಬ್ಯಾಂಕರ್ ಗೇಆರ್ಗ್ ಸ್ಪೆಯರ್ ಅವರ ವಿಧವೆ ಫ್ರಾನ್ಸಿಸ್ಕಾ ಗಂಡನ ಹೆಸರಿನಲ್ಲಿ ಕೊಟ್ಟ ಹಣದಿಂದ 1906ರಲ್ಲಿ ಹೊಸ ಸಂಶೋಧನಾ ಭವನವಾಯಿತು. ನಮ್ಮಲ್ಲಿ ವಕ್ಫ್ ಮಾಡುವ ಹಾಗೆಯೇ. ಅಲ್ಲಿ ನೂರಾರು ಆರ್ಸೆನಿಕ್ ಸಂಯುಕ್ತಗಳನ್ನು ಒಂದೊಂದಾಗಿ ತಯಾರಿಸಿ ಪರೀಕ್ಷಿಸಿದರು. 606ನೇ ಸಂಖ್ಯೆಯದನ್ನು ಮೊದಲು ಉಪಯೋಗವಿಲ್ಲವೆಂದು ಬದಿಗಿಟ್ಟಿದ್ದರು. 1909ರಲ್ಲಿ ಜಪಾನಿನಿಂದ ಬಂದ ಸಹಾಚಿರೋ ಹಾತಾ ಎಲ್ಲವನ್ನೂ ತಾಳ್ಮೆಯಿಂದ ಮತ್ತೆ ಪರೀಕ್ಷಿಸಿದಾಗ, ಸಿಫಿಲಿಸ್ ಎಂಬ ಗುಪ್ತರೋಗಕ್ಕೆ 606 ಕೆಲಸ ಮಾಡುವುದು ಕಂಡಿತು. ಅಂದರೆ ಎರ್ಲಿಖ್ ಅವರ ಸ್ವಂತ ಪ್ರಯೋಗಾಲಯದಲ್ಲಿಯೂ ಇದ್ದದ್ದು ಇಲ್ಲ ಎಂಬ ತಪ್ಪು ವರದಿ ಬಂದಿತ್ತು. ಎರಡನೇ ಸಲ ನೋಡಿದ್ದರಿಂದ ಅದು ಸರಿಯಾಯಿತು. 1910ರಲ್ಲಿ ಸಾಲ್ವರ್ಸಾನ್ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. ಜನ ನಾಚಿಕೆಯಿಂದ ಮುಚ್ಚಿಟ್ಟು ಸಾಯುತ್ತಿದ್ದ ರೋಗಕ್ಕೆ ಮದ್ದು ಕೊಟ್ಟಿದ್ದಕ್ಕೆ ಅವರಿಗೆ ಹೊಗಳಿಕೆಯಷ್ಟೇ ಬೈಗುಳವೂ ಸಿಕ್ಕಿತು. 1915ರ ಆಗಸ್ಟ್ 20ರಂದು, ಮೊದಲ ಮಹಾಯುದ್ಧದ ನಡುವೆ, 61ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಮುಂದೆ ನಾಜಿಗಳು ಫ್ರಾಂಕ್‌ಫರ್ಟಿನಲ್ಲಿ ಅವರ ಹೆಸರಿನ ರಸ್ತೆಯ ಹೆಸರನ್ನು ಅಳಿಸಿದರು, ಅವರ ಹೆಂಡತಿ ದೇಶ ಬಿಡಬೇಕಾಯಿತು. ಅದೇ ಜರ್ಮನಿ ನಂತರ 200 ಮಾರ್ಕ್ ನೋಟಿನ ಮೇಲೆ ಅವರ ಚಿತ್ರ ಮುದ್ರಿಸಿತು.

ಎರ್ಲಿಖ್ ಅವರು ಬಿಟ್ಟುಹೋದ ಪ್ರಶ್ನೆ ಇಂದು ಯಾವ ಸ್ಥಿತಿಯಲ್ಲಿದೆ? ಈಗ ಮೂತ್ರದಲ್ಲಿ ಕ್ಷಯದ ಬ್ಯಾಕ್ಟೀರಿಯಾದ ಡಿಎನ್ಎ ಹುಡುಕುವ ಯಂತ್ರಗಳಿವೆ. ಜೀನ್‌ಎಕ್ಸ್‌ಪರ್ಟ್ ಎಂಬುದು ಸುಮಾರು ಎರಡು ಗಂಟೆಯಲ್ಲಿ ಉತ್ತರ ಕೊಡುತ್ತದೆ, ರಿಫಾಂಪಿಸಿನ್ ಎಂಬ ಮುಖ್ಯ ಮಾತ್ರೆಗೆ ಬ್ಯಾಕ್ಟೀರಿಯಾ ಬಗ್ಗುತ್ತದೆಯೇ ಎಂದೂ ಹೇಳುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದನ್ನು ಸಿಬಿನ್ಯಾಟ್ ಎನ್ನುತ್ತಾರೆ. ಇದೇ ಬಗೆಯ ಟ್ರೂನ್ಯಾಟ್ ಎಂಬ ಯಂತ್ರ ನಮ್ಮ ದೇಶದ್ದೇ. ಅದನ್ನು ರೂಪಿಸಿದ ಬಿಗ್‌ಟೆಕ್ ಲ್ಯಾಬ್ಸ್ ಬೆಂಗಳೂರಿನಲ್ಲಿದೆ. ಇನ್ನೊಂದು, ಗರ್ಭಧಾರಣೆ ಪರೀಕ್ಷೆಯ ಪಟ್ಟಿಯಂಥದೇ ಒಂದು ಪಟ್ಟಿ. ಕ್ಷಯದ ಬ್ಯಾಕ್ಟೀರಿಯಾದ ಮೈಯಿಂದ ಕಳಚುವ ಲ್ಯಾಮ್ ಎಂಬ ವಸ್ತು ಮೂತ್ರದಲ್ಲಿದ್ದರೆ 25 ನಿಮಿಷದಲ್ಲಿ ಗೆರೆ ಮೂಡುತ್ತದೆ. ಎಚ್‌ಐವಿ ಇರುವವರಿಗೆ ಇದನ್ನು ಬಳಸಲು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಆದರೆ ಅವರಲ್ಲಿಯೂ ಅದು ನೂರು ಕ್ಷಯ ರೋಗಿಗಳಲ್ಲಿ ಅರ್ಧಕ್ಕಿಂತ ಕಡಿಮೆ ಜನರನ್ನೇ ಹಿಡಿಯುತ್ತದೆ. ಗೆರೆ ಬಂದರೆ ಚಿಕಿತ್ಸೆ ಶುರು ಮಾಡಲು ನೆರವು, ಬರದಿದ್ದರೆ ರೋಗವಿಲ್ಲ ಎಂದಲ್ಲ.

ಡಿಎನ್ಎ ಯಂತ್ರ ಇದಕ್ಕಿಂತ ಬಹಳ ಮೇಲು. ಮೂತ್ರದಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿದರೆ, ಕಲ್ಚರ್‌ನಲ್ಲಿ ಕ್ಷಯ ಕಂಡ ನೂರು ಜನರಲ್ಲಿ ಸುಮಾರು 85 ಜನರನ್ನು ಜೀನ್‌ಎಕ್ಸ್‌ಪರ್ಟ್ ಹಿಡಿಯುತ್ತದೆ. ಕ್ಷಯ ಇಲ್ಲದ ನೂರು ಜನರಲ್ಲಿ ಸುಮಾರು 98 ಜನರಿಗೆ ಇಲ್ಲ ಎಂದು ಸರಿಯಾಗಿ ಹೇಳುತ್ತದೆ. ಕೇಳಲು ತುಂಬಾ ಚೆನ್ನಾಗಿದೆ. ಈಗ ಲೆಕ್ಕ ಹಾಕಿ ನೋಡೋಣ. ಮೂತ್ರದ ತೊಂದರೆಯಿರುವ 1,000 ಜನರಿದ್ದಾರೆ, ಅವರಲ್ಲಿ 20 ಜನರಿಗೆ ನಿಜವಾಗಿ ಕ್ಷಯವಿದೆ ಎಂದು ಊಹಿಸೋಣ. ಯಂತ್ರ 17 ಜನರನ್ನು ಹಿಡಿಯುತ್ತದೆ, 3 ಜನರನ್ನು ಬಿಡುತ್ತದೆ. ಉಳಿದ 980 ಜನರಲ್ಲಿ ಶೇಕಡ 2 ಎಂದರೆ ಸುಮಾರು 20 ಜನರಿಗೆ ತಪ್ಪಾಗಿ ಇದೆ ಎನ್ನುತ್ತದೆ. ಒಟ್ಟು 37 ಜನರಿಗೆ ಪಾಸಿಟಿವ್, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ರೋಗವೇ ಇಲ್ಲ! ಅದೇ ಯಂತ್ರವನ್ನು ವೈದ್ಯರು ವಿಚಾರಿಸಿ, ಅನುಮಾನ ಬಲವಾಗಿರುವವರನ್ನೇ ಆರಿಸಿದ 1,000 ಜನರ ಮೇಲೆ ಬಳಸೋಣ. ಅವರಲ್ಲಿ 200 ಜನರಿಗೆ ಕ್ಷಯವಿದ್ದರೆ 170 ಜನ ಸಿಗುತ್ತಾರೆ, ತಪ್ಪು ಪಾಸಿಟಿವ್ ಕೇವಲ 16. ಯಂತ್ರ ಒಂದೇ, ಅಂಕಿ ಒಂದೇ. ಆದರೆ ಯಾರನ್ನು ಪರೀಕ್ಷಿಸುತ್ತೇವೆ ಎಂಬುದರ ಮೇಲೆ ವರದಿಯ ಬೆಲೆ ಬದಲಾಗುತ್ತದೆ. ಎರಡನೇ ಲೆಕ್ಕದಲ್ಲಿಯೂ 30 ರೋಗಿಗಳು ನೆಗೆಟಿವ್ ಚೀಟಿ ಹಿಡಿದು ಮನೆಗೆ ಹೋಗುತ್ತಾರೆ ಎಂಬುದನ್ನು ಮರೆಯಬಾರದು.

ಇನ್ನೂ ಒಂದು ಮಾತು. ಈ 85, 98 ಎಂಬ ಅಂಕಿಗಳನ್ನು ಕಲ್ಚರ್ ಎಂಬ ಅಳತೆಗೋಲಿನೊಂದಿಗೆ ಹೋಲಿಸಿ ಪಡೆದದ್ದು. ಮೂತ್ರದಲ್ಲಿ ಬ್ಯಾಕ್ಟೀರಿಯಾ ಒಂದು ದಿನ ಬರುತ್ತದೆ, ಒಂದು ದಿನ ಬರುವುದಿಲ್ಲ. ಆದ್ದರಿಂದಲೇ ಮೂರರಿಂದ ಐದು ದಿನ ಬೆಳಗಿನ ಮೊದಲ ಮೂತ್ರವನ್ನು ಕೇಳುತ್ತಾರೆ. ಮೊದಲೇ ತೆಗೆದುಕೊಂಡ ಕೆಲವು ಆಂಟಿಬಯೋಟಿಕ್‌ಗಳು ಕ್ಷಯವನ್ನೂ ಅರ್ಧಂಬರ್ಧ ಅದುಮಿ, ಕಲ್ಚರ್‌ನಲ್ಲಿ ಬೆಳೆಯದಂತೆ ಮಾಡಬಲ್ಲವು. ಅತ್ತ ಡಿಎನ್ಎ ಯಂತ್ರವು ಸತ್ತ ಬ್ಯಾಕ್ಟೀರಿಯಾವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ, ಆದ್ದರಿಂದ ಚಿಕಿತ್ಸೆ ಮುಗಿದವರಲ್ಲಿಯೂ ಪಾಸಿಟಿವ್ ಬರಬಹುದು. ಅಳತೆಗೋಲೇ ಸವೆದಿದ್ದರೆ ಅಳತೆಯನ್ನು ಎಷ್ಟು ನಂಬುವುದು? ಎರ್ಲಿಖ್ ಅವರು ಸೀರಂ ಅನ್ನು ಗಾಜಿನ ಕೊಳವೆಯಲ್ಲಿ ಮುಚ್ಚಿಟ್ಟದ್ದು ಇದೇ ಚಿಂತೆಯಿಂದ.

ನಮ್ಮ ಅಕೌಂಟೆನ್ಸಿ ತರಗತಿಯಲ್ಲಿ ಟ್ರಯಲ್ ಬ್ಯಾಲೆನ್ಸ್ ತಾಳೆಯಾದರೆ ಲೆಕ್ಕವೆಲ್ಲ ಸರಿ ಎಂದು ಅರ್ಥವಲ್ಲ ಎಂದು ಕಲಿಸುತ್ತಾರೆ. ಒಂದು ವ್ಯವಹಾರವನ್ನು ಬರೆಯುವುದನ್ನೇ ಬಿಟ್ಟರೂ ಎರಡೂ ಕಡೆ ಸಮವಾಗಿಯೇ ಇರುತ್ತದೆ. ನೆಗೆಟಿವ್ ಬಂದ ವರದಿಯೂ ಹಾಗೆಯೇ. ತಾಳೆಯಾದ ಪಟ್ಟಿಯನ್ನು ಇಟ್ಟುಕೊಂಡೇ ಒಳ್ಳೆಯ ಆಡಿಟರ್ ಮೂಲ ರಸೀದಿಗಳನ್ನು ಕೇಳುತ್ತಾನೆ. ಒಳ್ಳೆಯ ವೈದ್ಯರು ವರದಿಯನ್ನು ಇಟ್ಟುಕೊಂಡೇ ರೋಗಿಯನ್ನು ಕೇಳುತ್ತಾರೆ, ಸ್ಕ್ಯಾನ್ ಮಾಡಿಸುತ್ತಾರೆ, ಇನ್ನೊಮ್ಮೆ ಮೂತ್ರ ತರಿಸುತ್ತಾರೆ.

ಗೆಳೆಯರೇ, ಗೆಳತಿಯರೇ, ಈ ಲೇಖನ ಓದಿದ ಮೇಲೆ ಒಂದು ಕೆಲಸ ಮಾಡಿ. ನಮ್ಮ ಮನೆಗಳಲ್ಲಿ ಅಮ್ಮಿ, ಖಾಲಾ, ದಾದಿಯರು ಈ ವಿಷಯಗಳನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಗಂಡಸರೂ ಹೇಳುವುದಿಲ್ಲ. ಮೂತ್ರದ ಉರಿ ಔಷಧಿಗೆ ಬಗ್ಗದೆ ಮತ್ತೆ ಮತ್ತೆ ಬರುತ್ತಿದ್ದರೆ, ಮೂತ್ರದಲ್ಲಿ ರಕ್ತ ಕಂಡರೆ, ಕೀವಿದೆ ಆದರೆ ಏನೂ ಬೆಳೆದಿಲ್ಲ ಎಂದು ವರದಿ ಬಂದರೆ, ಕ್ಷಯದ ಪರೀಕ್ಷೆ ಮಾಡಬಹುದೇ ಎಂದು ವೈದ್ಯರನ್ನು ಕೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಪರೀಕ್ಷೆಯೂ ಮಾತ್ರೆಯೂ ಉಚಿತ. ಎರ್ಲಿಖ್ ಅವರ ಕಾಲದಲ್ಲಿ ರೋಗ ಗೊತ್ತಾದರೂ ಮದ್ದು ಇರಲಿಲ್ಲ, ಈಜಿಪ್ಟಿನ ಬಿಸಿಲು ಮಾತ್ರ ಇತ್ತು. ಇಂದು ಮದ್ದು ಊರಿನ ಆಸ್ಪತ್ರೆಯಲ್ಲೇ ಇದೆ, ರೋಗ ಗೊತ್ತಾಗುವುದು ಮಾತ್ರ ತಡವಾಗುತ್ತಿದೆ.